ಮಹಾನಗರದ ಹೋಟೆಲೂ ಸಸ್ಯಮೂಲ ಭೋಜನವೂ

ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನೂ ಒಳಗೊಂಡಂತೆ ಪ್ರಾಣಿಗಳಿಂದ ದೊರೆಯುವ ಯಾವ ಪದಾರ್ಥವನ್ನೂ ಸೇವಿಸದೆ, ಕೇವಲ ಧಾನ್ಯ, ಕಾಳು, ಸೊಪ್ಪು, ತರಕಾರಿ, ಹಣ್ಣುಗಳಿಂದ ಸಿದ್ಧವಾದ ಊಟವನ್ನೇ ಉಣ್ಣಬೇಕೆಂದು ನಿಶ್ಚಯಿಸಿದವನಿಗೆ ಬೆಂಗಳೂರಿನಂಥ ಮಹಾನಗರದ ಹೋಟೆಲುಗಳಲ್ಲಿ ಅದು ರುಚಿಯಾಗಿಯೂ ಪುಷ್ಟಿಕರವಾಗಿಯೂ ಕೈಗೆಟಕುವ ಬೆಲೆಗೂ ದೊರೆಯುವುದೇ ಎಂಬ ಪ್ರಶ್ನೆ ಮೊದಲ ನೋಟಕ್ಕೆ ಅನಾವಶ್ಯಕವೆಂದು ತೋರೀತು. ಬೀದಿಗೊಂದು ದರ್ಶಿನಿಯೂ ಬಡಾವಣೆಗೊಂದು ಉಪಾಹಾರ ಮಂದಿರವೂ ಇರುವ ಊರಿನಲ್ಲಿ ಸಸ್ಯಾಹಾರಿಗೆ ಯಾವ ಕೊರತೆ ಎಂದು ಕೇಳುವವರೇ ಹೆಚ್ಚು. ಆದರೆ ನಮ್ಮ ಹೋಟೆಲುಗಳ ಸಸ್ಯಾಹಾರವು ಕ್ಷೀರಾಹಾರವನ್ನು ತನ್ನಿಂದ ಬೇರ್ಪಡಿಸಲಾರದಷ್ಟು ಗಾಢವಾಗಿ ಬೆರೆಸಿಕೊಂಡಿದೆ ಎಂಬುದು ಸ್ವಲ್ಪ ವಿಚಾರಿಸಿದರೆ ತಿಳಿಯುತ್ತದೆ. ಉತ್ತಮವಾದ ಸಸ್ಯಮೂಲ ಭೋಜನಕ್ಕೆ ಬೇಕಾದ ಪಾಕವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಅದು ಈ ನಾಡಿನ ರೈತರ ಅಡಿಗೆಮನೆಗಳಲ್ಲಿ ಶತಮಾನಗಳಿಂದ ಬೆಳೆದು ನಿಂತಿದೆ. ನಗರದ ಹೋಟೆಲು ಅದಕ್ಕೆ ಯೋಗ್ಯವಾದ ಸ್ಥಾನವನ್ನು ಕೊಡದಿರುವುದೇ ಇಂದಿನ ಕೊರತೆಯ ನಿಜವಾದ ಕಾರಣ: ಇದು ನನ್ನ ವಾದ.

ಇಂಥ ಊಟವನ್ನು ಬಯಸುವವರು ಒಂದೇ ಬಗೆಯವರಲ್ಲ. ಕರುವಿಗೆ ಸಲ್ಲಬೇಕಾದುದನ್ನು ತಾನು ಕುಡಿಯುವುದು ನ್ಯಾಯವಲ್ಲವೆಂದು ಬಗೆದು ಹಾಲನ್ನು ಬಿಟ್ಟವರುಂಟು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆಯ ಸಂಕಟವನ್ನು ಅನುಭವಿಸಿ ಬಿಟ್ಟವರುಂಟು. ನೆಲ, ನೀರು, ವಾಯುಗಳ ಮೇಲೆ ಪಶುಪಾಲನೆಯು ಹೊರಿಸುವ ಭಾರವನ್ನು ಚಿಂತಿಸಿ ಬಿಟ್ಟವರುಂಟು. ಸಸ್ಯಾಹಾರಕ್ಕೂ ಸಸ್ಯಮೂಲ ಆಹಾರಕ್ಕೂ ಇರುವ ಭೇದವನ್ನು ಸರ್ಕಾರವೂ ಮನಗಂಡಿದೆ. ಪೊಟ್ಟಣಗಳ ಮೇಲೆ ಚೌಕದೊಳಗೆ ಕಾಣುವ ಹಸಿರು ಚುಕ್ಕೆಯು ಹಾಲನ್ನೂ ಜೇನನ್ನೂ ಒಪ್ಪಿಕೊಳ್ಳುವ ಗುರುತಾದುದರಿಂದ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರಕ್ಕೆಂದೇ ಪ್ರತ್ಯೇಕವಾದ ನಿಯಮಾವಳಿಯನ್ನು ಪ್ರಕಟಿಸಿ, ಹಾಲು, ಮೊಟ್ಟೆ, ಜೇನು ಮೊದಲಾದ ಯಾವ ಪ್ರಾಣಿಜನ್ಯ ಪದಾರ್ಥವೂ ಸೇರದ ತಿನಿಸುಗಳಿಗೆ ಬೇರೊಂದು ಲಾಂಛನವನ್ನು ವಿಧಿಸಿತು. ಅಂಗಡಿಯಲ್ಲಿ ಪೊಟ್ಟಣವನ್ನು ಕೊಳ್ಳುವವನಿಗೆ ಈ ಸ್ಪಷ್ಟತೆ ದೊರೆತಿದೆ. ಹೋಟೆಲಿನಲ್ಲಿ ತಟ್ಟೆಯ ಮುಂದೆ ಕುಳಿತವನಿಗೆ ಅದು ಇನ್ನೂ ದೊರೆತಿಲ್ಲ.

ದೊರೆಯುವುದೇನು ಎಂಬುದನ್ನು ಮೊದಲು ನೋಡೋಣ. ಅಕ್ಕಿ, ಉದ್ದುಗಳ ಹಿಟ್ಟು ರಾತ್ರಿಯೆಲ್ಲ ಹುದುಗಿ ಹಬೆಯಲ್ಲಿ ಬೆಂದು ಬರುವ ಇಡ್ಲಿಯು ಸ್ವಭಾವತಃ ಸಸ್ಯಮೂಲವಾದುದು. ಉದ್ದಿನ ವಡೆಯೂ, ಪೂರಿ–ಸಾಗುವೂ, ಅಕ್ಕಿ ರೊಟ್ಟಿಯೂ, ನೀರು ದೋಸೆಯೂ, ಚಿತ್ರಾನ್ನ, ಪುಳಿಯೋಗರೆಗಳೂ ಸಾಮಾನ್ಯವಾಗಿ ಹಾಗೆಯೇ. ಆದರೆ ಅದೇ ಫಲಕದಲ್ಲಿ ಇವುಗಳ ಪಕ್ಕದಲ್ಲಿಯೇ ಬರೆದಿರುವ ರವೆ ಇಡ್ಲಿಗೆ ಮೊಸರು ಬೇಕು. ಮಂಗಳೂರು ಬನ್ಸಿಗೂ ಗೋಳಿಬಜೆಗೂ ಮೊಸರು ಬೇಕು. ಕೇಸರಿಭಾತಿಗೆ ತುಪ್ಪವೇ ಜೀವಾಳ. ಖಾರಾಭಾತು, ಬಿಸಿಬೇಳೆಭಾತುಗಳಲ್ಲಿ ತುಪ್ಪವಿದೆಯೋ ಇಲ್ಲವೋ ಎಂಬುದು ಅಡಿಗೆಯವನೊಬ್ಬನಿಗೇ ಗೊತ್ತು. ಮಧ್ಯಾಹ್ನದ ಊಟದಲ್ಲಿ ಕೋಸಂಬರಿ, ಹುರುಳಿಕಾಯಿ ಪಲ್ಯ, ಹುಳಿಗಳು ಸಸ್ಯಮೂಲವಾಗಿಯೇ ಹುಟ್ಟಿದರೂ, ಸಾರಿನ ಒಗ್ಗರಣೆಗೆ ತುಪ್ಪವೂ ಕೂಟಿನ ಬದಲು ಮಜ್ಜಿಗೆಹುಳಿಯೂ ಬಂದುಬಿಟ್ಟರೆ, ಎಲೆಯ ಮುಂದೆ ಕುಳಿತವನು ಯಾವುದನ್ನು ಉಣ್ಣಬೇಕು, ಯಾವುದನ್ನು ಬಿಡಬೇಕೆಂದು ಊಹಿಸುತ್ತಲೇ ಉಣ್ಣಬೇಕಾಗುತ್ತದೆ. ಹೀಗೆ ಸಂದೇಹದಿಂದ ಉಂಡ ಅನ್ನವು ಎಷ್ಟೇ ಸ್ವಾದುವಾಗಿದ್ದರೂ ತೃಪ್ತಿಯನ್ನು ಕೊಡಲಾರದು.

ಕಾವಲಿಯ ಬಳಿ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಈ ತೊಡಕಿನ ಸ್ವರೂಪ ಚೆನ್ನಾಗಿ ಅರ್ಥವಾಗುತ್ತದೆ. ಭಟ್ಟರು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ, ಸಾಲಾಗಿ ಹಿಟ್ಟನ್ನು ಹುಯ್ದು ವರ್ತುಲಾಕಾರವಾಗಿ ಹರಡುತ್ತಾರೆ. ಆ ಕ್ಷಣದವರೆಗೆ ಅಲ್ಲಿರುವುದೆಲ್ಲ ಅಕ್ಕಿ, ಉದ್ದು, ಮೆಂತ್ಯಗಳೇ. ಅನಂತರ ಒಂದೇ ಬೀಸಿನಲ್ಲಿ ಸಾಲಿನ ಎಲ್ಲ ದೋಸೆಗಳ ಮೇಲೂ ತುಪ್ಪವೋ ಬೆಣ್ಣೆಯೋ ಬೀಳುತ್ತದೆ. "ಭಟ್ರೇ, ಒಂದಕ್ಕೆ ತುಪ್ಪ ಬೇಡ, ಎಣ್ಣೆ ಸಾಕು" ಎಂದು ಆ ಬೀಸಿಗೆ ಮುಂಚೆ ಹೇಳಿದವನಿಗೆ ಬೇಕಾದ ದೋಸೆ ದೊರೆಯುತ್ತದೆ. ಅಲ್ಲಿ ಜಗಳವಿಲ್ಲ, ಹೆಚ್ಚಿನ ಖರ್ಚಿಲ್ಲ. ಒಬ್ಬೊಬ್ಬರಿಗಾಗಿ ಆಗಾಗಲೇ ಸಿದ್ಧವಾಗುವ ತಿಂಡಿಯಲ್ಲಿ ಇಂಥ ಕೋರಿಕೆ ಸುಲಭವಾಗಿ ನೆರವೇರುತ್ತದೆ. ಬೆಳಗಿನ ಜಾವದಲ್ಲಿಯೇ ದೊಡ್ಡ ಪಾತ್ರೆಯಲ್ಲಿ ತುಪ್ಪ ಬೆರೆಸಿ ಬೇಯಿಸಿಟ್ಟ ಭಾತಿನಲ್ಲಿ ಮಾತ್ರ ಯಾರ ವಿನಯದಿಂದಲೂ ಯಾರ ಹಣದಿಂದಲೂ ಅದನ್ನು ಹೊರಗೆ ತೆಗೆಯುವುದು ಸಾಧ್ಯವಿಲ್ಲ. ಆದ್ದರಿಂದ ತುಪ್ಪವು ಪಾತ್ರೆಯೊಳಗೆ ಬೀಳಬೇಕೋ ತಟ್ಟೆಯ ಮೇಲೆ ಬೀಳಬೇಕೋ ಎಂಬ ಸಣ್ಣದೆಂದು ಕಾಣುವ ನಿರ್ಧಾರದಲ್ಲಿಯೇ ಈ ಸಮಸ್ಯೆಯ ಅರ್ಧ ಭಾಗ ಅಡಗಿದೆ.

ತುಪ್ಪಕ್ಕೆ ಈ ಪ್ರಾಧಾನ್ಯ ಬಂದುದಕ್ಕೆ ಚಾರಿತ್ರಿಕವಾದ ಕಾರಣಗಳಿವೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಮೊದಲಾದ ಸಂಸ್ಥೆಗಳು ಈ ನಗರದ ಅಭಿರುಚಿಯನ್ನು ತಿದ್ದಿದ ಕಾಲದಲ್ಲಿ ತುಪ್ಪವು ದುರ್ಲಭವೂ ಬೆಲೆಯುಳ್ಳದ್ದೂ ಆಗಿದ್ದು, "ಶುದ್ಧ ತುಪ್ಪದಲ್ಲಿ ಮಾಡಿದ್ದು" ಎಂಬ ಮಾತು ಮಾಲೀಕನ ಪ್ರಾಮಾಣಿಕತೆಗೆ ಸಾಕ್ಷಿಯಾಗಿತ್ತು. ಕಲಬೆರಕೆಯ ಭಯವಿದ್ದ ದಿನಗಳಲ್ಲಿ ಆ ಸಾಕ್ಷಿಗೆ ಜನ ಬೆಲೆ ಕೊಟ್ಟುದು ಸಹಜವೇ ಸರಿ. ಆಮೇಲೆ 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿಯ ಯೋಜನೆಯಿಂದಲೂ, 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಕರ್ನಾಟಕದಲ್ಲಿ ಕಾಲಿಟ್ಟ ಹೈನು ಅಭಿವೃದ್ಧಿಯ ಕಾರ್ಯದಿಂದಲೂ ಹಾಲು ನಗರಕ್ಕೆ ಹೇರಳವಾಗಿ ಹರಿದು ಬಂದಿತು. ದುರ್ಲಭವಾಗಿದ್ದಾಗ ಗೌರವದ ಗುರುತಾಗಿದ್ದುದು ಸುಲಭವಾದ ಮೇಲೆ ಅಭ್ಯಾಸವಾಗಿ ಪರಿಣಮಿಸಿತು. ಉತ್ತರ ಭಾರತದ ಪಾಕಕ್ರಮವು ನಮ್ಮ ಹೋಟೆಲುಗಳಿಗೆ ಬಂದಾಗ, ಈ ಸೀಮೆಯ ಅಡಿಗೆಯಲ್ಲಿ ಹಿಂದೆ ಹೆಚ್ಚಾಗಿ ಕಾಣಿಸಿಕೊಳ್ಳದಿದ್ದ ಪನೀರು ಸಸ್ಯಾಹಾರಿಯ ವಿಶೇಷ ಭಕ್ಷ್ಯವೆಂಬ ಪದವಿಯನ್ನು ಪಡೆಯಿತು. ಅವರೆಕಾಳಿಗೂ ಹುರುಳಿಗೂ ಸಲ್ಲಬೇಕಾಗಿದ್ದ ಸ್ಥಾನವನ್ನು ಅದು ಆಕ್ರಮಿಸಿತು.

ಇದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ನಮ್ಮ ಹೋಟೆಲುಗಳ ಆದಿಯಲ್ಲಿ "ಬ್ರಾಹ್ಮಣರ ಹೋಟೆಲು" ಎಂಬ ಹಲಗೆ ಸಾಮಾನ್ಯವಾಗಿತ್ತು. ಯಾವ ಮನೆಗಳ ಅಡಿಗೆಯು ಹೋಟೆಲಿನ ಫಲಕವನ್ನು ಏರಿತೆಂಬುದನ್ನು ಬಹುಮಟ್ಟಿಗೆ ಆ ಹಲಗೆಯೇ ನಿರ್ಣಯಿಸಿತು. ಉಡುಪಿ, ಮಂಗಳೂರುಗಳ ಕಡೆಯಿಂದ ಬಂದ ಪಾಕಪ್ರವೀಣರು ತಮ್ಮ ಶ್ರಮದಿಂದಲೂ ಶುಚಿತ್ವದಿಂದಲೂ ಈ ಉದ್ಯಮವನ್ನು ಕಟ್ಟಿದರು; ಅವರ ಸೇವೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಬೆಂಗಳೂರನ್ನು ಸುತ್ತುವರಿದ ಕೋಲಾರ, ತುಮಕೂರು, ಮಾಗಡಿ, ಮಂಡ್ಯ ಸೀಮೆಗಳ ಒಕ್ಕಲು ಮಕ್ಕಳ ಊಟ, ಎಂದರೆ ರಾಗಿಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಟ್ಟಿನ ಸಾರು, ಹಿತಕಿದ ಬೇಳೆಯ ಸಾರು, ಈ ಫಲಕದ ಮೇಲೆ ಬಹುಕಾಲ ಬರಲಿಲ್ಲ. ಬಂದರೂ ಒಂದು ಮೂಲೆಯಲ್ಲಿ ಬಂದಿತು. ವಾರದಲ್ಲೊಂದು ದಿನವೋ ಹಬ್ಬಹರಿದಿನದಲ್ಲೋ ಮಾಂಸವನ್ನು ಉಣ್ಣುವ ಈ ಮನೆಗಳೇ ಉಳಿದ ದಿನಗಳಲ್ಲಿ ಉಂಡು ಬದುಕಿದ್ದು ನಾಡಿನಲ್ಲಿಯೇ ಅತ್ಯಂತ ಸಮೃದ್ಧವಾದ ಸಸ್ಯಮೂಲ ಆಹಾರವನ್ನು. ತುಪ್ಪವನ್ನು ಪ್ರತಿನಿತ್ಯ ಬಳಸುವಷ್ಟು ಹಣವಿಲ್ಲದಿದ್ದುದರಿಂದ ಅವರು ಕಾಳು, ಸೊಪ್ಪು, ಕಾಯಿ, ಬೆಳ್ಳುಳ್ಳಿಗಳಲ್ಲಿಯೇ ರುಚಿಯನ್ನು ಸಾಧಿಸುವ ವಿದ್ಯೆಯನ್ನು ಪರಿಪೂರ್ಣಗೊಳಿಸಿದರು. ಸಸ್ಯಾಹಾರವೆಂಬುದು ಒಂದು ವರ್ಗದ ಆಚಾರವೆಂದು ಎಣಿಸಿ ಈ ವಿದ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದುದರಿಂದ ನಗರಕ್ಕೆ ಆದ ನಷ್ಟ ಅಲ್ಪವಲ್ಲ.

ಬಸ್ಸಾರನ್ನೇ ಗಮನಿಸಬಹುದು. ಅಲಸಂದೆಯನ್ನೋ ಹೆಸರುಕಾಳನ್ನೋ ತೊಗರಿಬೇಳೆಯನ್ನೋ ನೀರಿನಲ್ಲಿ ಬೇಯಿಸಿ, ಮುಕ್ಕಾಲು ಬೆಂದ ಹೊತ್ತಿಗೆ ದಂಟು, ಸಬ್ಬಸಿಗೆ, ಮೆಂತ್ಯ ಮೊದಲಾದ ಸೊಪ್ಪನ್ನು ಹಾಕಿ, ಎಲ್ಲವೂ ಹದವಾದ ಮೇಲೆ ನೀರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟಿಗೆ ಕಾಯಿ, ಒಣಮೆಣಸಿನಕಾಯಿ, ಕೊತ್ತಂಬರಿಬೀಜ, ಜೀರಿಗೆ, ಬೆಳ್ಳುಳ್ಳಿ, ಸುಟ್ಟ ಅಥವಾ ಹುರಿದ ಈರುಳ್ಳಿ, ಹುಣಿಸೆಗಳನ್ನು ಬೆಂದ ಕಾಳುಸೊಪ್ಪಿನ ಒಂದು ಹಿಡಿಯೊಡನೆ ನುಣ್ಣಗೆ ರುಬ್ಬಿ ಸೇರಿಸಿ ಕುದಿಸಿದರೆ ಅದು ಸಾರು; ಉಳಿದ ಕಾಳುಸೊಪ್ಪಿಗೆ ಎಣ್ಣೆ, ಸಾಸಿವೆಗಳ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಅದು ಪಲ್ಯ. ಒಂದೇ ಒಲೆ, ಒಂದೇ ಕಾಳು, ಒಂದೇ ನೀರು. ಆದರೂ ಎರಡು ವ್ಯಂಜನಗಳು, ಎರಡಕ್ಕೂ ಬೇರೆ ಬೇರೆ ರುಚಿ. ಸತ್ತ್ವದ ಯಾವ ಅಂಶವೂ ಚರಂಡಿಗೆ ಹೋಗಲಿಲ್ಲ. ಇಂಥ ಪಾಕವನ್ನು ಬಲ್ಲ ನಾಡಿನ ರಾಜಧಾನಿಯಲ್ಲಿ ಸಸ್ಯಮೂಲ ಭೋಜನಕ್ಕಾಗಿ ಸೋಯಾದಿಂದ ಮಾಂಸದ ಪ್ರತಿರೂಪವನ್ನೂ ಬಾದಾಮಿಯಿಂದ ಹಾಲಿನ ಪ್ರತಿರೂಪವನ್ನೂ ಮಾಡಿ ಮಾರುವ ಬೆಲೆಯುಳ್ಳ ಉಪಾಹಾರಗೃಹಗಳನ್ನೇ ಹುಡುಕಬೇಕಾಗಿ ಬಂದರೆ, ಅದು ನಮ್ಮ ಸಂಪತ್ತಿನ ಅರಿವು ನಮಗಿಲ್ಲವೆಂಬುದನ್ನೇ ತೋರಿಸುತ್ತದೆ. ಅಂಥ ಗೃಹಗಳ ಮೇಲೆ ನನಗೆ ದ್ವೇಷವಿಲ್ಲ. ಅವು ಹಲವರಿಗೆ ಮೊದಲ ಹೆಜ್ಜೆಯನ್ನು ಸುಲಭಗೊಳಿಸಿವೆ. ಆದರೆ ಒಂದು ಗಂಟೆಯ ಬಿಡುವಿನಲ್ಲಿ ಉಂಡು ಕೆಲಸಕ್ಕೆ ಮರಳಬೇಕಾದ ಗುಮಾಸ್ತನಿಗೂ ಕೂಲಿಗಾರನಿಗೂ ದೊರೆಯದ ಆಹಾರವನ್ನು ಒಂದು ನಗರದ ಆಹಾರವೆಂದು ಹೇಗೆ ಕರೆಯೋಣ?

ಬಡಗಣ ಕರ್ನಾಟಕದ ಖಾನಾವಳಿಯು ಈ ವಿಷಯದಲ್ಲಿ ನಮಗೆ ಒಳ್ಳೆಯ ಮಾದರಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಮೆಂತ್ಯಸೊಪ್ಪು, ಈರುಳ್ಳಿ: ಇವಿಷ್ಟೂ ನೆಲದಿಂದ ಬಂದುವೇ, ಮೊಸರೂ ಬೆಣ್ಣೆಯೂ ಬೇರೆ ಬಟ್ಟಲಿನಲ್ಲಿ ಬರುವುದರಿಂದ ಬೇಕಾದವರು ಬಳಸುತ್ತಾರೆ, ಬೇಡವಾದವರು ಬದಿಗಿಡುತ್ತಾರೆ. ಬೆಂಗಳೂರಿನಲ್ಲಿ ಇಂಥ ಊಟವನ್ನು ಬಡಿಸುವ ಖಾನಾವಳಿಗಳು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಅಲ್ಲಿ ಉಣ್ಣುವವನು ಯಾವ ವಿಶೇಷ ಕೋರಿಕೆಯನ್ನೂ ಮುಂದಿಡದೆ, ಯಾವ ತತ್ತ್ವವನ್ನೂ ವಿವರಿಸದೆ ತೃಪ್ತನಾಗಿ ಏಳಬಲ್ಲನು.

ಇಷ್ಟನ್ನು ಒಪ್ಪಿದವರೂ ಕೆಲವು ಆಕ್ಷೇಪಗಳನ್ನು ಎತ್ತುವುದುಂಟು. ತುಪ್ಪವಿಲ್ಲದೆ ರುಚಿಯೆಲ್ಲಿ ಎಂಬುದು ಮೊದಲನೆಯದು. ಎಳ್ಳು, ಶೇಂಗಾ, ಹುಚ್ಚೆಳ್ಳು, ಕೊಬ್ಬರಿಗಳ ಸ್ನಿಗ್ಧತೆಯನ್ನು ಬಲ್ಲವರು ಈ ಮಾತನ್ನು ಸಾರ್ವತ್ರಿಕ ಸತ್ಯವೆಂದು ಒಪ್ಪಲಾರರು. ಮಾಗಿಯ ಚಳಿಯಲ್ಲಿ ಸೊಗಡವರೆಯನ್ನು ಹಿತಕಿ ಮಾಡಿದ ಸಾರು ಯಾವ ತುಪ್ಪದ ಆಶ್ರಯವನ್ನೂ ಬೇಡದೆ ತನ್ನ ಕಂಪಿನಿಂದಲೇ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಬಲ್ಲದು. ಎರಡನೆಯದು ಪುಷ್ಟಿಯನ್ನು ಕುರಿತದ್ದು. ಇದನ್ನು ಗಂಭೀರವಾಗಿ ಪರಿಶೀಲಿಸಬೇಕು. ಧಾನ್ಯಗಳಲ್ಲಿ ಕಡಮೆಯಾಗಿರುವ ಲೈಸೀನ್ ಎಂಬ ಅಮೈನೋ ಆಮ್ಲವು ಕಾಳುಗಳಲ್ಲಿ ಹೆಚ್ಚಾಗಿಯೂ, ಕಾಳುಗಳಲ್ಲಿ ಕಡಮೆಯಾಗಿರುವ ಮಿಥಿಯೋನೀನ್ ಧಾನ್ಯಗಳಲ್ಲಿಯೂ ಇರುವುದರಿಂದ, ಮುದ್ದೆಯೊಡನೆ ಕಾಳಿನ ಸಾರನ್ನು ಉಣ್ಣುವ ಪದ್ಧತಿಯು ಸಸಾರಜನಕದ ದೃಷ್ಟಿಯಿಂದ ಯುಕ್ತವಾದುದೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಸುಣ್ಣದ ಅಂಶವಿದ್ದು, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದು ಸುಮಾರು 120 ಮಿಲಿಗ್ರಾಂ. ಆದರೆ ಬಿ12 ಜೀವಸತ್ತ್ವವು ಸಸ್ಯಗಳಿಂದ ಸಾಕಷ್ಟು ದೊರೆಯುವುದಿಲ್ಲವಾದ್ದರಿಂದ, ಹಾಲನ್ನೂ ಬಿಟ್ಟವರು ಅದನ್ನು ವೈದ್ಯರ ಸಲಹೆಯಂತೆ ಬೇರೆ ರೀತಿಯಲ್ಲಿ ಪಡೆಯತಕ್ಕದ್ದು. ಈ ಮಾತನ್ನು ಮರೆಮಾಚಿ ಪ್ರಚಾರ ಮಾಡುವುದು ಸತ್ಯಕ್ಕೂ ಆರೋಗ್ಯಕ್ಕೂ ಅಪಚಾರ.

ಮೂರನೆಯ ಆಕ್ಷೇಪವು ರೈತನ ಜೀವನಕ್ಕೆ ಸಂಬಂಧಪಟ್ಟದ್ದು. ಕರ್ನಾಟಕದ ಲಕ್ಷಾಂತರ ಕುಟುಂಬಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆಯನ್ನು ನಡೆಸುವುದು ಊರಿನ ಡೈರಿಯ ಬಟವಾಡೆಯೇ. ಅನೇಕ ಹೆಣ್ಣುಮಕ್ಕಳು ತಮ್ಮ ಕೈಯಿಂದ ಖರ್ಚು ಮಾಡಬಲ್ಲ ಹಣವೆಂದರೆ ಅದೊಂದೇ. ಹಾಲನ್ನು ಬಿಡಬೇಕೆನ್ನುವ ನಗರವಾಸಿಯು ಈ ಸತ್ಯವನ್ನು ಎದುರಿಸದೆ ಮಾತನಾಡುವುದು ಉಚಿತವಲ್ಲ. ಆದರೆ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ಸೊಪ್ಪುಗಳನ್ನು ಬೆಳೆಯುವವನೂ ಅದೇ ರೈತನಷ್ಟೆ. ಹೋಟೆಲುಗಳು ಈ ಬೆಳೆಗಳನ್ನು ವರ್ಷವಿಡೀ ಒಳ್ಳೆಯ ಬೆಲೆಗೆ ಕೊಳ್ಳುವಂತಾದರೆ, ಒಂದೇ ಆದಾಯವನ್ನು ನೆಚ್ಚಿ ನಿಂತವನಿಗೆ ಎರಡನೆಯ ಆಸರೆ ಒದಗುತ್ತದೆ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ಸಭೆಗಳಲ್ಲಿ ಬಹಳ ಮಾತು ನಡೆಯಿತು. ಹೋಟೆಲಿನ ಫಲಕದ ಮೇಲೆ ರಾಗಿಯೂ ನವಣೆಯೂ ನಿತ್ಯದ ಊಟವಾಗಿ ನಿಂತಾಗಲೇ ಆ ಮಾತುಗಳಿಗೆ ಫಲ ಬರುವುದು.

ನಾಲ್ಕನೆಯದು ಆಕ್ಷೇಪಕ್ಕಿಂತಲೂ ಎಚ್ಚರಿಕೆ. ಆಹಾರದ ಆಯ್ಕೆಯು ಈ ದೇಶದಲ್ಲಿ ಮಡಿಮೈಲಿಗೆಯ ಆಯುಧವಾಗಿ ಮನುಷ್ಯರನ್ನು ದೂರವಿಟ್ಟ ಇತಿಹಾಸವನ್ನು ನಾವು ಬಲ್ಲೆವು. ತನ್ನ ತಟ್ಟೆಯಲ್ಲಿ ತುಪ್ಪ ಬೇಡವೆನ್ನುವುದು ಒಂದು. ಪಕ್ಕದ ತಟ್ಟೆಯಲ್ಲಿ ಉಣ್ಣುವವನನ್ನು ಕೀಳೆಂದು ಭಾವಿಸುವುದು ಇನ್ನೊಂದು. ಕರುಣೆಯಿಂದ ಹುಟ್ಟಿದ ನಿಯಮವು ನೆರೆಯವನ ಮೇಲಿನ ತಿರಸ್ಕಾರದಲ್ಲಿ ಕೊನೆಗೊಂಡರೆ ಅದು ತನ್ನ ಮೂಲವನ್ನೇ ಕಳೆದುಕೊಂಡಂತೆ. ಮುದ್ದೆಯ ಹೋಟೆಲಿನಲ್ಲಿ ಮಾಂಸದ ಸಾರನ್ನು ಉಣ್ಣುವವನ ಎದುರಿನಲ್ಲಿ ಕುಳಿತು ಬಸ್ಸಾರನ್ನು ಸಂತೋಷವಾಗಿ ಉಣ್ಣಬಲ್ಲವನೇ ಈ ವ್ರತಕ್ಕೆ ಅರ್ಹನೆಂದು ನಾನು ತಿಳಿಯುತ್ತೇನೆ.

ಹಾಗಾದರೆ ಹೋಟೆಲುಗಳು ಮಾಡಬೇಕಾದುದೇನು? ಮೊದಲನೆಯದಾಗಿ, ಪದಾರ್ಥದಲ್ಲಿ ಏನಿದೆಯೆಂಬುದನ್ನು ಫಲಕದ ಮೇಲೆ ಬರೆಯಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳುಳ್ಳ ಉಪಾಹಾರಗೃಹಗಳು ಒಗ್ಗದಿಕೆಯನ್ನು ಉಂಟುಮಾಡಬಲ್ಲ ಪದಾರ್ಥಗಳನ್ನು ತಿಳಿಸಬೇಕೆಂದು ಆಹಾರ ಸುರಕ್ಷತೆಯ ಪ್ರಾಧಿಕಾರದ 2020ರ ನಿಯಮಾವಳಿ ವಿಧಿಸಿದ್ದು, ಆ ಪಟ್ಟಿಯಲ್ಲಿ ಹಾಲೂ ಸೇರಿದೆ. ದೊಡ್ಡವರಿಗೆ ಕಾನೂನು ವಿಧಿಸಿದುದನ್ನು ಚಿಕ್ಕವರು ಸ್ವಂತ ಇಚ್ಛೆಯಿಂದ ಮಾಡಿದರೆ ಖರ್ಚಾಗುವುದು ಒಂದು ಸೀಸದಕಡ್ಡಿ ಮಾತ್ರ. ಎರಡನೆಯದಾಗಿ, ತುಪ್ಪವನ್ನು ಪಾತ್ರೆಯಲ್ಲಿ ಬೆರೆಸದೆ ಬಡಿಸುವಾಗ ಹಾಕುವ ಕ್ರಮವನ್ನು ಸಾಧ್ಯವಿದ್ದಲ್ಲೆಲ್ಲ ಅನುಸರಿಸಬೇಕು. ತುಪ್ಪವನ್ನು ಬಯಸುವವರಿಗೆ ಇದರಿಂದ ನಷ್ಟವಿಲ್ಲ. ಮೂರನೆಯದಾಗಿ, ಪ್ರತಿದಿನದ ಊಟದಲ್ಲಿ ಒಂದಾದರೂ ಕಾಳಿನ ಅಥವಾ ಸೊಪ್ಪಿನ ವ್ಯಂಜನವನ್ನು ಆಯಾ ಋತುವಿಗೆ ಅನುಗುಣವಾಗಿ ಪ್ರಧಾನ ಸ್ಥಾನದಲ್ಲಿ ಇಡಬೇಕು. ಬೆಲೆಯ ಮಾತಿಗೆ ಬಂದರೆ, 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳು ಐದು ರೂಪಾಯಿಗೆ ಇಡ್ಲಿಯ ಉಪಾಹಾರವನ್ನೂ ಹತ್ತು ರೂಪಾಯಿಗೆ ಅನ್ನ–ಸಾಂಬಾರಿನ ಊಟವನ್ನೂ ಕೊಟ್ಟುವು. ಸರ್ಕಾರದ ಸಹಾಯಧನವಿದ್ದುದು ನಿಜ. ಆದರೂ ನಗರದ ಅತ್ಯಂತ ಅಗ್ಗದ ಊಟವನ್ನು ಯೋಜಿಸಿದವರು ಅಕ್ಕಿಬೇಳೆಗಳನ್ನೇ ಆಶ್ರಯಿಸಿದರೆಂಬುದು ಸಸ್ಯಮೂಲ ಆಹಾರವು ಶ್ರೀಮಂತರ ಸೊತ್ತೆಂಬ ಭ್ರಮೆಯನ್ನು ನಿವಾರಿಸಲು ಸಾಕು.

ಇದು ನಮ್ಮ ಅಡಿಗೆಯವರಿಗೆ ಮೀರಿದ ಕೆಲಸವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ಮಾವಳ್ಳಿಯ ಆ ಹೋಟೆಲಿನಲ್ಲಿಯೇ ರವೆ ಇಡ್ಲಿ ಹುಟ್ಟಿತೆಂಬುದು ಪ್ರಸಿದ್ಧವಾದ ವೃತ್ತಾಂತ; ಮುಖ್ಯ ಪದಾರ್ಥವೇ ಇಲ್ಲವಾದಾಗಲೂ ಅವರು ಹೊಸ ರುಚಿಯನ್ನು ಸೃಷ್ಟಿಸಿದರು. ಇದಕ್ಕೂ ಹಳೆಯದು ಚಾತುರ್ಮಾಸ್ಯದ ಶಿಕ್ಷಣ. ಉಡುಪಿಯ ಮಾಧ್ವ ಸಂಪ್ರದಾಯದಲ್ಲಿ ಆ ನಾಲ್ಕು ತಿಂಗಳುಗಳಲ್ಲಿ ಕ್ರಮವಾಗಿ ಶಾಕವನ್ನೂ ಮೊಸರನ್ನೂ ಹಾಲನ್ನೂ ದ್ವಿದಳ ಧಾನ್ಯವನ್ನೂ ಬಿಟ್ಟು ಅಡಿಗೆ ಮಾಡುವ ವ್ರತವಿದೆ. ಇದು ಪೂರ್ಣವಾದ ಸಸ್ಯಮೂಲ ಆಹಾರವಲ್ಲ, ಅದರ ಉದ್ದೇಶವೂ ಬೇರೆ. ಆದರೆ ಒಂದು ಪದಾರ್ಥವನ್ನು ಸಂಪೂರ್ಣವಾಗಿ ವರ್ಜಿಸಿಯೂ ಎಲೆಯ ತುಂಬ ಬಡಿಸಬಹುದೆಂಬ ಶಿಸ್ತನ್ನು ಅದು ತಲೆತಲಾಂತರದಿಂದ ಕಲಿಸಿದೆ. ಆ ಪರಂಪರೆಯಿಂದ ಬಂದವರಿಗೆ "ಹಾಲಿಲ್ಲದೆ ಏನು ಮಾಡುವುದು?" ಎಂದು ಕೈಚೆಲ್ಲುವ ಅಗತ್ಯವೇ ಇಲ್ಲ.

ಉಣ್ಣುವವನಿಗೂ ಕರ್ತವ್ಯಗಳಿವೆ. ತನ್ನ ತತ್ತ್ವದ ಹೆಸರನ್ನು ಹೇಳಿ ಮಾಣಿಯನ್ನು ಗೊಂದಲಕ್ಕೆ ಈಡುಮಾಡುವುದಕ್ಕಿಂತ ಬೇಡವಾದ ಪದಾರ್ಥಗಳನ್ನು ಒಂದೊಂದಾಗಿ, ಸೌಜನ್ಯದಿಂದ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೇಳುವುದು ಮೇಲು; ಹೇಳಿದಂತೆ ಮಾಡಿಕೊಟ್ಟವರನ್ನು ಮೆಚ್ಚಿ ಮತ್ತೆ ಅಲ್ಲಿಗೇ ಹೋಗುವುದು ಇನ್ನೂ ಮೇಲು. ಏಕೆಂದರೆ ವ್ಯಾಪಾರಸ್ಥನು ಉಪದೇಶಕ್ಕಿಂತ ಬೇಗ ಬೇಡಿಕೆಗೆ ಕಿವಿಗೊಡುತ್ತಾನೆ, ಅದು ಅವನ ದೋಷವಲ್ಲ. ಒಂದು ಕೋಟಿಗೂ ಮೀರಿದ ಜನ, ನಾನಾ ನಂಬಿಕೆಗಳು, ನಾನಾ ದೇಹಪ್ರಕೃತಿಗಳು ಕೂಡಿರುವ ಈ ನಗರದಲ್ಲಿ ಎಲ್ಲರೂ ಒಂದೇ ಊಟವನ್ನು ಉಣ್ಣಬೇಕೆಂದು ಯಾರೂ ಕೇಳಲಾರರು. ತನ್ನೆದುರಿಗೆ ಬಂದ ಅನ್ನದಲ್ಲಿ ಏನಿದೆಯೆಂದು ತಿಳಿದುಕೊಳ್ಳುವ ಹಕ್ಕು ಎಲ್ಲರಿಗೂ ಉಂಟು. ಈ ನೆಲವೇ ಕೊಟ್ಟ ರಾಗಿ, ಅವರೆ, ಸೊಪ್ಪುಗಳಿಗೆ ಈ ನಗರದ ಹೋಟೆಲುಗಳಲ್ಲಿ ಅಗ್ರಾಸನವನ್ನು ಕೇಳುವ ಹಕ್ಕು ಕನ್ನಡಿಗರಿಗೆಲ್ಲ ಉಂಟು. ಇವೆರಡನ್ನೂ ಮನ್ನಿಸಿದ ದಿನ ಸಸ್ಯಮೂಲ ಭೋಜನವನ್ನು ಪ್ರತ್ಯೇಕವಾಗಿ ಹುಡುಕುವ ಕೆಲಸವೇ ಉಳಿಯದು. ಆಗ ಲಾಭವಾಗುವುದು ಅದನ್ನು ಬಯಸುವ ಕೆಲವರಿಗೆ ಮಾತ್ರವಲ್ಲ, ತಮ್ಮ ಊರಿನ ಊಟವನ್ನು ಮರಳಿ ಪಡೆಯುವ ಎಲ್ಲರಿಗೂ.